ಕೇಳಿಸಲಿಲ್ಲ

ಬಫಲೋ ನಗರ, ಅರವತ್ತೆರಡರ ನವೆಂಬರ್.
ಫೆಡರಲ್ ಕಟ್ಟಡದ ನೆಲಮಾಳಿಗೆ.
ಎರಡೂ ಕಿವಿಗೆ ಕಪ್ಪು ಬಟ್ಟಲು ಕವುಚಿಕೊಂಡು
ನಾನು, ಅಸುಂತಾ, ಇಪ್ಪತ್ಮೂರು ವರ್ಷ,
ಗಂಟೆಗೆ ಒಂದು ಡಾಲರು ಎಂಬತ್ತು ಸೆಂಟು.
ಕೆಲಸ ಇಷ್ಟೇ:
ಅವ್ವನ ಸಿಸಿಲಿಯ ಮಾತು ಕಿವಿಯಲ್ಲಿ ಬಂದದ್ದು
ಬೆರಳಲ್ಲಿ ಇಂಗ್ಲಿಷಾಗಿ ಹೊರಡಬೇಕು.
ನಡುವೆ ಎಲ್ಲೂ ತಂಗಬಾರದು.

ಕ್ಷೌರದಂಗಡಿಯ ಹಿಂಕೋಣೆ, ಗೋಡೆಯೊಳಗೆ
ಬೆಂಕಿಪೊಟ್ಟಣದಷ್ಟು ಮೈಕು.
ಅದರ ಮುಂದೆ ದಿನವಿಡೀ ಡಾನ್ ಜೆಸುವಾಲ್ದೊ:
ಮೊಣಕಾಲು ನೋವು, ಕುದುರೆ ರೇಸು,
ಬಂದರಿನಲ್ಲಿ ಕಾಣೆಯಾದ ಎರಡು ಲಾರಿ ವಿಸ್ಕಿ,
ಸೊಸೆಯ ಸಾರಿಗೆ ಉಪ್ಪಿಲ್ಲ.
ಕೆಮ್ಮಿದರೆ ಕೆಮ್ಮನ್ನೂ ಬರೆಯಬೇಕು.
ಬರೆದೆ.

ಒಂದು ಮಂಗಳವಾರ ಅಂದ:
‘ಹಿಮ ಬೀಳುವ ಮುಂಚೆ ಅವಳನ್ನು ಹೂಳಿಬಿಡಿ.
ತೋಳು ಮಡಚಿ ಹಗ್ಗ ಬಿಗಿಯಿರಿ,
ನನ್ನ ಹಳೇ ಕೋಟು ಹೊದಿಸಿ.’

ಹಾಲ್ವರ್ಸನ್, ಮಿನೆಸೋಟಾದವನು, ಹಾಲಿನಂಥ ಹುಬ್ಬು,
ಅರ್ಧ ಓದಿ ಗುದ್ದಲಿಗೆ ಫೋನು ಹಚ್ಚಿದ.
ನಾನೇ ತಡೆದೆ. ಅವಳು ಅಂದರೆ ಅಂಜೂರ, ಸಾರ್.
ನಮ್ಮ ಮಾತಲ್ಲಿ ಆ ಗಿಡ ಹೆಣ್ಣು.
ಚಳಿಗೆ ಬಾಗಿಸಿ ಮಣ್ಣು ಮುಚ್ಚುತ್ತಾರೆ,
ಏಪ್ರಿಲ್‌ಗೆ ಎಬ್ಬಿಸುತ್ತಾರೆ.
ಏಳು ಜನ ಬಿದ್ದೂ ಬಿದ್ದೂ ನಕ್ಕರು.
ಅವನು ನನ್ನ ಮೇಜಿಗೆ ಕಾಫಿ ತಂದಿಟ್ಟ.

ಫೆಬ್ರವರಿಯ ಟೇಪು. ಮೂರನೆಯ ದನಿ.
ಸಕ್ಕರೆ ಎಷ್ಟು ಚಮಚ ಎಂದು ಕೇಳಿದ ಆ ದನಿಗೇ
ನಾನು ದಿನಾ ಬೆಳಿಗ್ಗೆ ನಮಸ್ಕಾರ ಹೇಳುವುದು.
ಹೆದರಿಕೆ ಇಲ್ಲ ಅದರಲ್ಲಿ. ಮೈಕು ಅವನದೇ,
ತನ್ನ ಮನೆಯ ನಾಯಿಗೆ ಯಾರು ಅಂಜುತ್ತಾರೆ?
ಮುದುಕ ಮೂರು ವಿಳಾಸ ಕೊಟ್ಟ,
ನದಿಯಾಚೆಯ ಗುಂಪಿನ ಜೂಜುಮನೆಗಳು.
ಬದಲಿಗೆ ಒಂದೇ ಹೆಸರು ಕೇಳಿದ.
ಇವನು ಕೊಟ್ಟ.
ಕಲೋಜೆರೊ. ಬೇಕರಿಯ ಗಾಡಿ ಓಡಿಸುವವನು.
ಶನಿವಾರ ನಮ್ಮ ಬೀದಿಗೂ ಬರುತ್ತಿದ್ದ,
ಚಿಲ್ಲರೆ ಇಲ್ಲದಿದ್ದರೆ ‘ಮುಂದಿನ ವಾರ’ ಅನ್ನುತ್ತಿದ್ದ.

ಬೆನ್ನ ಹಿಂದೆ ಟೋಪಿಯ ನೆರಳು.
‘ಅಲ್ಲಿ ಗರಗರ ಜಾಸ್ತಿ, ಅಲ್ಲವಾ ಮಿಸ್?
ಕೇಳಿಸಲಿಲ್ಲ ಅಂತ ಹಾಕಿಬಿಡಿ.’
ಇಂಗ್ಲಿಷಿನಲ್ಲಿ ಅದು ಹದಿನಾಲ್ಕು ಅಕ್ಷರ,
ಕಲೋಜೆರೊನ ಹೆಸರಿಗಿಂತ ಉದ್ದ.
ಒಂದಕ್ಷರವೂ ತಪ್ಪದೆ ಹೊಡೆದೆ.
ಅಡಿಯಲ್ಲಿ ನನ್ನ ರುಜು.

ಗಾಡಿ ಸಿಕ್ಕಿದ್ದು ಕಾಲುವೆಯ ಹತ್ತಿರ,
ಎಂಜಿನ್ನು ಓಡುತ್ತಲೇ ಇತ್ತಂತೆ,
ಹಿಂದೆ ಬ್ರೆಡ್ಡು ಇನ್ನೂ ಬೆಚ್ಚಗೆ.
ಅದೇ ವಾರದ ಪೇಪರಿನಲ್ಲಿ ಹಾಲ್ವರ್ಸನ್:
ಮುರಿದ ಜೂಜುಮೇಜು, ಒಂದು ಕೈಯಲ್ಲಿ ಕೊಡಲಿ,
ನಗು. ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಿಂದ ಪದಕ.
ಏಪ್ರಿಲ್‌ನಲ್ಲೇ ಟೇಪು: ‘ಅವಳನ್ನು ಎಬ್ಬಿಸಿ,
ನಿಧಾನ, ಬೇರು ಕೀಳಬೇಡಿ.’

ಸೆಪ್ಟೆಂಬರಿನಲ್ಲಿ ಹಿಂಬಾಗಿಲಿಗೆ ಒಂದು ಬುಟ್ಟಿ.
ಮೇಲೆ ಎಲೆ, ಎಲೆಯ ಕೆಳಗೆ ಅಂಜೂರ, ನಡುವೆ ಚೀಟಿ,
ಅವ್ವನ ಮಾತಿನಲ್ಲಿ, ವಕ್ರ ಅಕ್ಷರ:
‘ಕೇಳುವ ಹುಡುಗಿಗೆ.’
ಬಿಚ್ಚಿದರೆ ಹುಳು ಎಂದುಕೊಂಡೆ. ಬಿಚ್ಚಿದೆ.
ಹುಳು ಇರಲಿಲ್ಲ. ಕೆಂಪು, ಜೇನು ಒಸರುತ್ತಿತ್ತು.
ಮನೆಗೆ ಒಯ್ಯಲಿಲ್ಲ. ಎಸೆಯಲೂ ಇಲ್ಲ.
ನಿಂತಲ್ಲೇ ಹನ್ನೊಂದು ತಿಂದೆ.

ಈಗ ಎಂಬತ್ತಾರು. ಮೊನ್ನೆ ಕಿವಿಯ ಡಾಕ್ಟರು,
ಮೊಮ್ಮಗನ ವಯಸ್ಸು, ಬಟ್ಟಲು ಕವುಚಿ ಅಂದ,
‘ಏನಾದರೂ ಕೇಳಿಸಿದ ಕೂಡಲೆ ಕೈ ಎತ್ತಿ, ಅಜ್ಜಿ.’
ಬಹಳ ಹೊತ್ತು ಕೂತೆ.
ಎತ್ತಲಿಲ್ಲ.
ಕೇಳಿಸುತ್ತಿತ್ತು.